ಹೆಸರು ಸವರಿದ ಕಲ್ಲು

"ಗೋರಿಕಲ್ಲು ತಗೋ, ಬೇಡ ಅನ್ನಲ್ಲ. ಮಗುಚಿ ಹಾಕ್ಕೋ. ಅಕ್ಷರಕ್ಕೆ ಮಾತ್ರ ಉಳಿ ತಾಗಿಸಬೇಡ ಕಣಪ್ಪ," ಎಂದಳು ವಾಲೆರಿಯಾ ಅಜ್ಜಿ.

ಜೆನೋನ್ ನಕ್ಕುಬಿಟ್ಟ. "ಸತ್ತ ಯಹೂದಿಗಳು ಓದೋಕೆ ಬರ್ತಾರಾ ಅಜ್ಜಿ? ಬರಲಿ ಬಿಡು, ಚಹಾ ಕೊಡ್ತೀನಿ."

ಅವನು ಪೂರ್ವದ ಕಡೆಯಿಂದ ಗುಳೆ ಬಂದ ಕಲ್ಲುಕುಟಿಗ, ನಮ್ಮ ಝಾಲೆಸಿನ್‌ಗೆ ಹೊಸಬ. ಯುದ್ಧಕ್ಕೆ ಮುಂಚೆ ಇಲ್ಲಿ ಅರ್ಧ ಊರೇ ಯಹೂದಿಗಳದ್ದು. ಒಂದೇ ಬೆಳಗ್ಗೆ ಜರ್ಮನರು ಅವರನ್ನೆಲ್ಲ ಲಾರಿಗೆ ತುಂಬಿ ಒಯ್ದರು. ಅವರ ಸ್ಮಶಾನದ ಕಲ್ಲುಗಳಲ್ಲಿ ಅರ್ಧವನ್ನು ಜರ್ಮನರು ಕಿತ್ತರು, ಮಿಕ್ಕಿದ್ದನ್ನು ನಾವು. ಈಗ ಅಲ್ಲಿ ಆಲೂಗಡ್ಡೆ ಹೊಲ. ನಮ್ಮ ಮೆಟ್ಟಿಲು, ಹಂದಿಗೂಡು, ಬಾವಿಕಟ್ಟೆ ಎಲ್ಲ ಅದೇ ಕಲ್ಲು, ಮುಖ ಕೆಳಗಾಗಿ. ಅಷ್ಟು ಮರ್ಯಾದೆ ಸಾಕು ಎಂದುಕೊಂಡಿದ್ದೆವು.

ಆರು ವರ್ಷದ ಮಗಳು ಬೆಚ್ಚಗೆ ಕೂರಲೆಂದು ಜೆನೋನ್ ಹೊಲದಂಚಿನಲ್ಲಿ ಉಳಿದಿದ್ದ ಒಂದು ಕಲ್ಲನ್ನು ತಂದು ಒಲೆಯ ಮುಂದೆ ಹಾಸಿದ. ಕಲ್ಲಿನಲ್ಲಿ ಕೆತ್ತಿದ್ದ ಹಕ್ಕಿ ಮಗಳಿಗೆ ಇಷ್ಟವಾಗಿತ್ತು. ಹಕ್ಕಿಯನ್ನು ಉಳಿಸಿಕೊಂಡು ಕೆಳಗಿನ ಹೆಸರನ್ನು ಉಳಿಯಿಂದ ಸವರಿ ನಯ ಮಾಡಿದ. ಕಲ್ಲುಪುಡಿಯ ವಾಸನೆ ಮನೆ ತುಂಬಿತು. ಎಷ್ಟು ಗುಡಿಸಿದರೂ ಹೋಗಲಿಲ್ಲ.

ಮೂರನೆಯ ದಿನದಿಂದ ಮಗಳು ಹೆಸರು ಕರೆದರೆ ತಿರುಗಲಿಲ್ಲ. ಬಾಗಿಲ ಸದ್ದಿಗೆ ಬೆಚ್ಚಿ ನೋಡುವಳು. ಸಂಜೆಯಾದರೆ ಆ ಕಲ್ಲಿನ ಮೇಲೆ ಕೂತು, ಏಳು ವರ್ಷದಿಂದ ಊರಲ್ಲಿ ಯಾರೂ ಆಡದ ಭಾಷೆಯಲ್ಲಿ ಅಮ್ಮನನ್ನು ಕರೆದು ಅಳುವಳು.

"ಇಲ್ಲೇ ಇದೀನಲ್ಲೇ ಕಂದಾ," ಎಂದು ಜೆನೋನ್ ಹೆಂಡತಿ ಮೆಲಾನ್ಯಾ ತಬ್ಬಿಕೊಂಡರೆ, ಹೆತ್ತವಳನ್ನೇ ಯಾರೋ ಎಂಬಂತೆ ನೋಡುವಳು.

ಜೆನೋನ್ ಅಜ್ಜಿಯ ಮುಂದೆ ಮಂಡಿಯೂರಿದ. ಅವಳು ಮೊದಲು ಯಹೂದಿಗಳ ಮನೆಯಲ್ಲಿ ಕೆಲಸಕ್ಕಿದ್ದವಳು.

"ಸತ್ತೋರಿಗೆ ತಪ್ಪು ಮಾಡಿದ್ರೆ, ಮಾಡಿದೋನ್ನ ಬಿಟ್ಟು ಹತ್ತು ಗಂಡಸರನ್ನ ಗೋರಿ ಹತ್ರ ನಿಲ್ಲಿಸ್ಕೊಂಡು ಕ್ಷಮೆ ಕೇಳೋರು ಅವರು."

"ಅವರ ಜನಾನ ನಾನೆಲ್ಲಿಂದ ತರಲಿ?"

"ನಮ್ಮವರನ್ನಾದ್ರೂ ಕೇಳಿ ನೋಡು."

ಅವನು ಬಾಗಿಲು ಬಾಗಿಲು ತಟ್ಟಿದ. "ಸುಮ್ನೆ ನಿಂತ್ಕೊಂಡ್ರೆ ಸಾಕು." ಯಾರೂ ಹೊರಡಲಿಲ್ಲ. ಅಲ್ಲಿ ನಿಂತರೆ ನಮ್ಮ ಮೆಟ್ಟಿಲುಗಳ ಅಡಿ ಏನಿದೆಯೆಂದು ಒಪ್ಪಿಕೊಂಡಂತೆ. ನಾನು ಸೊಂಟನೋವೆಂದೆ.

ಮರುದಿನ ಬೆಳಗ್ಗೆ ಅವನು ಒಬ್ಬನೇ ಕಲ್ಲು ಹೊತ್ತುಕೊಂಡು ಹೊಲಕ್ಕಿಳಿದ. ನಾನು ಬೇಲಿಯ ಹಿಂದಿದ್ದೆ. ಮಂಜು. ಹಸಿಮಣ್ಣಿನ ವಾಸನೆ. ಅವನು ಕ್ಷಮೆ ಕೇಳತೊಡಗಿದ. ಗಾಳಿ ನಿಂತಿತು. ಮಣ್ಣಿನ ಮೇಲೆ ಹೆಜ್ಜೆ ಮೂಡಿತು. ಕಾಲಿಲ್ಲ, ಹೆಜ್ಜೆ ಮಾತ್ರ. ಇನ್ನೊಂದು. ಮತ್ತೊಂದು. ಸುತ್ತ ಬಂದು ನಿಂತವು. ಅವನು ಬೆರಳು ಮಾಡಿ ಎಣಿಸಿದ. ಒಂಬತ್ತು ಜೊತೆ.

"ಇನ್ನೊಬ್ರು!" ಎಂದು ಊರ ಕಡೆ ತಿರುಗಿ ಕೂಗಿದ. "ಯಾರಾದ್ರೂ ಒಬ್ರು ಬನ್ರಪ್ಪಾ! ಒಬ್ರು ಸಾಕು!"

ಇಪ್ಪತ್ತು ಮಾರು ದೂರ. ಬೇಲಿ ದಾಟಿದ್ದರೆ ಆಗುತ್ತಿತ್ತು. ನಾನು ದಾಟಲಿಲ್ಲ.

ಮಂಜು ಕರಗಿತು. ಹೆಜ್ಜೆಗಳು ಒಂದೊಂದಾಗಿ ಅಳಿಸಿಹೋದವು. ಮೆಲಾನ್ಯಾ ಮಗಳನ್ನೆತ್ತಿಕೊಂಡು ಓಡಿಬಂದಳು. "ರೀ, ಇವಳ ಹೆಸರೇನ್ರೀ? ನನಗೆ ನೆನಪೇ ಆಗ್ತಿಲ್ಲ!" ಜೆನೋನ್ ಬಾಯಿಗೆ ಬಂದ ಹೆಸರುಗಳನ್ನೆಲ್ಲ ಒಂದೊಂದಾಗಿ ಹೇಳಿ ನೋಡಿದ. ಯಾವುದೂ ಅವಳದಲ್ಲ.

ಪಕ್ಕದ ಮನೆ ನಮ್ಮದು. ಆ ಹುಡುಗಿಯನ್ನು ಊಟಕ್ಕೆ ಕರೆಯುವುದು ದಿನವೂ ನನಗೆ ಕೇಳುತ್ತಿತ್ತು. ಏನೆಂದು ಕರೆಯುತ್ತಿದ್ದರೋ, ಎಷ್ಟು ತಡಕಾಡಿದರೂ ನನಗೂ ಸಿಗುತ್ತಿಲ್ಲ.