ಹುಬ್ಬು ಸಾಹೇಬರ ನಗು

"ಮೇಲೆ ಏನ್ರೀ ನಡೀತಿದೆ? ಮನೆ ಕೆಡವ್ತಿದ್ದೀರಾ?"

ಬಾಗಿಲು ತೆಗೆದವಳು ಹಾಗೇ ನಿಂತುಬಿಟ್ಟಳು. ಕ್ಷಮೆ ಕೇಳಬೇಕಿತ್ತು, ನಿಜ. ಸಿಟ್ಟಿನಲ್ಲಿ ಅವಳು ಒದ್ದ ಮರದ ಸ್ಟೂಲು ಇನ್ನೂ ಕಾಲು ಮೇಲೆ ಮಾಡಿಕೊಂಡು ಹಿಂದೆ ಬಿದ್ದಿತ್ತು. ಆದರೆ ಅವಳ ಕಣ್ಣು ಎದುರಿಗಿದ್ದವನ ಹುಬ್ಬಿಗೆ ಅಂಟಿಕೊಂಡಿತ್ತು.

ಎಂಥ ಹುಬ್ಬು ಅದು... ದಪ್ಪಗೆ, ಕಪ್ಪಗೆ, ಎರಡೂ ಮೂಗಿನ ಮೇಲೆ ಬಂದು ಜಗಳಕ್ಕೆ ನಿಂತಿದ್ದವು. ಎಡಗಡೆಯದು ಒಂದಿಷ್ಟು ಮೇಲಕ್ಕೆ ಏರಿತ್ತು.

"ನಿಮ್ಮನ್ನೇ ಕೇಳ್ತಿರೋದು. ನಾನು ಕೆಳಗಿನ ಮನೆಯವನು. ಬೇಕರಿಯಲ್ಲಿ ರಾತ್ರಿ ಪಾಳಿ ನಂದು, ಹಗಲು ಮಲಗಬೇಕು. ಬೆಳಗ್ಗೆಯಿಂದ ತಲೆ ಮೇಲೆ ದಬ ದಬ, ದಬ ದಬ..."

"ಇನ್ನೊಂದ್ಸಲ ಬೈತೀರಾ?"

"ಏನು?"

"ಅದೇ, ಮನೆ ಕೆಡವ್ತಿದ್ದೀರಾ ಅಂದ್ರಲ್ಲ, ಅದು. ಹಾಗೇ ಇರಿ, ಪೆನ್ಸಿಲ್ ತರ್ತೀನಿ."

ಪೆನ್ಸಿಲ್ ಹಿಡಿದು ಓಡಿ ಬರುವಷ್ಟರಲ್ಲಿ ಬಾಗಿಲು ಖಾಲಿ. ಮೆಟ್ಟಿಲ ಮೇಲಿಂದ "ತಲೆ ಕೆಟ್ಟಿದೆ ಇವಳಿಗೆ" ಎಂಬ ಮಾತು ಮಾತ್ರ ಕೇಳಿಸಿತು.

ತಲೆ ಕೆಟ್ಟಿದ್ದು ಸುಳ್ಳೇನಲ್ಲ. ಅವಳು ಚಿತ್ರ ಬರೆಯುವವಳು. ಸಾಬೂನಿನ ಡಬ್ಬಿಯ ಮೇಲೆ ನಗುವ ಮೊಲ, ಸ್ಕೂಲ್ ಬ್ಯಾಗಿನ ಮೇಲೆ ನಗುವ ಆನೆ, ಇಷ್ಟರಲ್ಲೇ ವರ್ಷಗಳು ಕಳೆದಿದ್ದವು. ಈಗ ಮೊದಲ ಸಲ ಒಂದು ಇಡೀ ಪುಸ್ತಕ ಕೈಗೆ ಬಂದಿತ್ತು. ಮಕ್ಕಳ ಕಥೆ. ತೋಟಕ್ಕೆ ನುಗ್ಗಿದ ಮಕ್ಕಳನ್ನು ಗದರಿಸಿ ಓಡಿಸುವ ರಾಕ್ಷಸ, ಕೊನೆಗೆ ಅದೇ ಮಕ್ಕಳು ತಿರುಗಿ ಬಂದಾಗ ನಗುವ ರಾಕ್ಷಸ. ಅವನೊಬ್ಬನೇ ಅವಳ ಕೈಗೆ ಸಿಗುತ್ತಿರಲಿಲ್ಲ.

ಪ್ರಕಾಶನದ ಸಂಪಾದಕಿ ಅಂದು ಬೆಳಗ್ಗೆ ಫೋನಿನಲ್ಲಿ ನೇರವಾಗಿಯೇ ಹೇಳಿದ್ದರು. "ಇದು ರಾಕ್ಷಸ ಅಲ್ಲಮ್ಮ, ಕೋಪ ಬಂದಿರೋ ಟೊಮೆಟೊ. ಈ ತಿಂಗಳೊಳಗೆ ಮುಗಿಸದಿದ್ರೆ ಬೇರೆಯವರಿಗೆ ಕೊಡಬೇಕಾಗುತ್ತೆ."

ಎಲ್ಲಿ ಅಂತ ಹುಡುಕಿಲ್ಲ ಅವಳು! ದಪ್ಪ ದಪ್ಪ ಪುಸ್ತಕ ತಿರುವಿದಳು, ಕಣ್ಣು ಮುಚ್ಚಿ ಕೂತಳು, ಕನ್ನಡಿ ಮುಂದೆ ಹಲ್ಲು ಕಿರಿದು ತನಗೇ ನಗು ತರಿಸಿಕೊಂಡಳು. ಬರೆದ ಹಾಳೆಯೆಲ್ಲ ಉಂಡೆಯಾಗಿ ಮೂಲೆ ಸೇರಿತು. ಕೊನೆಗೆ ಸಿಟ್ಟು ತಡೆಯದೆ ಸ್ಟೂಲನ್ನು ಮತ್ತೆ ಮತ್ತೆ ಒದ್ದಳು. ಅದರ ಸದ್ದಿಗೆ ರಾಕ್ಷಸನೇ ಮೆಟ್ಟಿಲು ಹತ್ತಿ ಬಂದು ಬಾಗಿಲು ಬಡಿದರೆ ನೀವಾದರೂ ಏನು ಮಾಡುತ್ತಿದ್ದಿರಿ?

ನೆನಪು ಆರುವ ಮೊದಲೇ ಕೂತು ಆ ಹುಬ್ಬನ್ನು ಬರೆದಳು. ಮೊದಲ ಸಲ ಹಾಳೆಯೊಳಗಿಂದ ಯಾರೋ ಅವಳನ್ನು ದಿಟ್ಟಿಸಿ ನೋಡಿದರು. ಆದರೆ ಹುಬ್ಬಿನ ಕೆಳಗೆ? ಕೆನ್ನೆ ಹೇಗೆ ಬಿಗಿದಿತ್ತು, ಮೂಗು ಎಷ್ಟು ಅರಳಿತ್ತು... ಒಂದೂ ನೆನಪಿಗೆ ಬರಲಿಲ್ಲ.

*ಇನ್ನೊಂದೇ ಒಂದು ಸಲ ನೋಡಿದರೆ ಸಾಕು.*

ಮರುದಿನ ಮಧ್ಯಾಹ್ನ ಸ್ಟೂಲನ್ನು ನೆಟ್ಟಗೆ ನಿಲ್ಲಿಸಿ, ಬೇಕೆಂದೇ ಒದ್ದಳು.

"ಮತ್ತೆ ಏನ್ರೀ?" ಅವನು ಬಾಗಿಲಲ್ಲಿದ್ದ. ಅಂಗಿಯ ಗುಂಡಿ ಹೆಚ್ಚುಕಮ್ಮಿಯಾಗಿತ್ತು, ಕಣ್ಣು ಕೆಂಪಾಗಿತ್ತು.

"ಕೈ ಜಾರಿತು," ಎಂದಳು, ಅವನ ಮೂಗನ್ನೇ ನೋಡುತ್ತ.

"ಸ್ಟೂಲನ್ನ ಎತ್ತಿ ಆಡಿಸ್ತಿದ್ರಾ, ಕೈ ಜಾರೋಕೆ?"

ಅವನು ಹೋದ ಕೂಡಲೇ ಮೇಜಿಗೆ ಓಡಿದಳು. ಮೂಗು ಬಂತು. ಆಮೇಲೆ ಇದೇ ಅಭ್ಯಾಸವಾಯಿತು. ಮಧ್ಯಾಹ್ನವಾದರೆ ಸ್ಟೂಲು ಬೀಳುವುದು, ಅವನು ಬರುವುದು, ಅವಳು ಒಂದು ಸುಳ್ಳು ಹೇಳಿ ಒಂದು ಗೆರೆ ಕದಿಯುವುದು. ದವಡೆ ಒಂದು ದಿನ, ಕತ್ತಿನ ನರ ಇನ್ನೊಂದು ದಿನ.

ಅವಳ ಜೊತೆಗಿದ್ದ ಅಕ್ಕ ಚಪ್ಪಲಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಸಂಜೆ ಬಂದವಳ ಕಣ್ಣಿಗೆ ಇದು ಬೀಳದೆ ಇರುತ್ತದೆಯೇ?

"ಸ್ಟೂಲಿನ ಕಾಲು ಅಲ್ಲಾಡ್ತಿದೆಯಲ್ಲೇ ಪುಟ್ಟಿ. ಏನು ಮಾಡ್ತೀಯ ಅದಕ್ಕೆ?"

"ಕೆಲಸ ಕಣಕ್ಕ."

"ಚಿತ್ರ ಬರೆಯೋದು ಕೈಯಲ್ಲಿ ಅಂತ ತಿಳ್ಕೊಂಡಿದ್ದೆ. ಕಾಲಲ್ಲೂ ಬರೀತಾರಾ?"

ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು, ಅವನು ಕೆಡಿಸುವವರೆಗೆ. ಒಂದು ಮಧ್ಯಾಹ್ನ ಬಾಗಿಲು ತೆಗೆದರೆ ಅವನು ತಲೆ ಬಾಚಿಕೊಂಡಿದ್ದ. ಗುಂಡಿಗಳು ನೆಟ್ಟಗಿದ್ದವು. ಕೈಯಲ್ಲಿ ಒಂದು ಕಾಗದದ ಪೊಟ್ಟಣ.

"ಬನ್ನು. ನಾನೇ ಮಾಡಿದ್ದು," ಎಂದ. "ದಿನಾ ಬಿದ್ದು ಬಿದ್ದು ನಿಮ್ಮ ಸ್ಟೂಲಿಗೆ ಸುಸ್ತಾಗಿರುತ್ತೆ. ಅದಕ್ಕೆ ಕೊಡಿ."

ಹೇಳಿ ನಕ್ಕ.

ಅವಳಿಗೆ ಅಳುವೇ ಬಂತು. ಸಿಟ್ಟಿನ ಬಾಯಿಯೊಂದು ಬರೆಯಲು ಬಾಕಿಯಿತ್ತು, ಇವನು ನಗುತ್ತಿದ್ದಾನೆ! *ಈ ನಗು ಯಾರಿಗೆ ಬೇಕು?*

"ನಗಬೇಡ್ರೀ."

"ಯಾಕೆ?"

"ಬೇಡ ಅಂದ್ರೆ ಬೇಡ. ನಿಮಗೆ ಕೋಪ ಬರಲ್ವಾ? ನಿದ್ದೆ ಕೆಡಿಸ್ತಿದ್ದೀನಿ ನಾನು."

"ಬರ್ತಿತ್ತು," ಎಂದು ಅವನು ಕಾಲಬೆರಳು ನೋಡಿಕೊಂಡ. "ಈಗ ಯಾಕೋ ಬರ್ತಿಲ್ಲ."

ಪೊಟ್ಟಣ ಕಸಿದುಕೊಂಡು ಬಾಗಿಲು ಹಾಕಿದಳು. ಬನ್ನು ಇನ್ನೂ ಬೆಚ್ಚಗಿತ್ತು. ನಿಂತಲ್ಲೇ, ಸಿಟ್ಟಿನಲ್ಲೇ ತಿಂದಳು. ಎದೆಯೊಳಗೆ ಏನೋ ಒಂಥರಾ ಆಯಿತು. ಹಸಿವು ಇರಬೇಕು ಎಂದುಕೊಂಡಳು. ತಿಂದ ಮೇಲೂ ಅದು ಹೋಗದಿದ್ದಾಗ ಆ ಕಡೆ ಗಮನ ಕೊಡಲಿಲ್ಲ.

ಬಾಯಿಯನ್ನು ಹೇಗೋ ಊಹಿಸಿ ಬರೆದಳು. ಗದರುವ ರಾಕ್ಷಸ ಮುಗಿದ. ಕೋಡು, ಕೋರೆಹಲ್ಲು, ಆ ಹುಬ್ಬು. ಅವನಿಗಾಗಿ ಬರೆದ ಹಾಳೆಗಳನ್ನೆಲ್ಲ ಗೋಡೆಗೆ ಸಾಲಾಗಿ ಅಂಟಿಸಿ, ಕೊನೆಯ ಪುಟಕ್ಕೆ ಒಂದು ನಗುವ ಮುಖವನ್ನೂ ಬರೆದು, ಒಳ್ಳೆಯವುಗಳ ಫೋಟೊ ಪ್ರಕಾಶನಕ್ಕೆ ಕಳಿಸಿ, ಎಷ್ಟೋ ದಿನಗಳ ಮೇಲೆ ನೆಮ್ಮದಿಯಾಗಿ ತಲೆಗೆ ಸ್ನಾನ ಮಾಡಿದಳು.

ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ಹೊರಗೆ ಬಂದರೆ ಅವನು ಕೋಣೆಯ ನಡುವೆ ನಿಂತಿದ್ದ. ಸ್ಟೂಲು ಬಿದ್ದಿರಲಿಲ್ಲ. ತಾನಾಗಿಯೇ ಬಂದಿದ್ದ. ರಜೆಯ ದಿನವೆಂದು ಮನೆಯಲ್ಲಿದ್ದ ಅಕ್ಕ ಬಾಗಿಲು ತೆಗೆದು ಒಳಗೆ ಕರೆದಿದ್ದಳು. ಅವನು ಗೋಡೆ ನೋಡುತ್ತಿದ್ದ.

"ಇದು ನಾನಾ?"

"ಅದು... ರಾಕ್ಷಸ. ಮಕ್ಕಳ ಪುಸ್ತಕಕ್ಕೆ."

"ಹುಬ್ಬು ನಂದು." ಒಂದೊಂದೇ ಹಾಳೆ ನೋಡುತ್ತ ಹೋದ. "ಮೂಗೂ ನಂದೇ. ಹಾಗಾದ್ರೆ ದಿನಾ ಸ್ಟೂಲು ಬೀಳ್ತಿದ್ದದ್ದು..."

ಅವಳು ಟವೆಲಿನ ತುದಿ ಹಿಂಡಿದಳು.

"ನಾನು ಬೇರೆ ಏನೋ ಅಂದ್ಕೊಂಡಿದ್ದೆ ಬಿಡಿ," ಎಂದ. ದನಿ ಏರಲಿಲ್ಲ. "ನನ್ನ ನೋಡಬೇಕು ಅನ್ಸಿದಾಗ ಬೀಳಿಸ್ತೀರ ಅಂತ. ಅದಕ್ಕೇ ನಿದ್ದೆ ಬಿಟ್ಟು ಕಾಯ್ತಾ ಮಲಗಿರ್ತಿದ್ದೆ."

ತಂದಿದ್ದ ಪೊಟ್ಟಣವನ್ನು ಮೇಜಿನ ಮೇಲಿಟ್ಟ. ಅವನ ಅಂಗೈಗೆ ಸುತ್ತಿದ ಬಿಳಿ ಬಟ್ಟೆ ಆಗ ಕಾಣಿಸಿತು.

"ಕೈಗೆ ಏನಾಯ್ತು?"

"ಒಲೆ ಮುಂದೆ ತೂಕಡಿಸಿದೆ. ಬಿಸಿ ತಟ್ಟೆಗೆ ಬರಿಗೈ ಹಾಕ್ಬಿಟ್ಟೆ." ಬಾಗಿಲಲ್ಲಿ ಒಮ್ಮೆ ನಿಂತ. "ಬೇಕಿದ್ರೆ ಇದನ್ನೂ ಬರ್ಕೊಳ್ಳಿ."

ಆ ಹುಬ್ಬಿನಲ್ಲಿ ಕೋಪ ಇರಲಿಲ್ಲ. ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅಕ್ಕ ಬಾಗಿಲು ಮುಚ್ಚಿ ಬಂದಳು. ಆಮೇಲೆ ಅಂದಳು. "ಒಬ್ಬ ಮನುಷ್ಯ ದಿನಾ ಮೆಟ್ಟಿಲು ಹತ್ತಿ ಬಂದ. ನಿನಗೆ ಕಂಡಿದ್ದು ಅವನ ಹುಬ್ಬು ಮಾತ್ರಾನಾ?"

ಅಷ್ಟರಲ್ಲಿ ಸಂಪಾದಕಿಯ ಫೋನು. "ನೋಡಿ ನನಗೇ ಭಯ ಆಯ್ತು ಕಣಮ್ಮ. ಎಲ್ಲಿಂದ ಹಿಡ್ಕೊಂಡು ಬಂದ್ರಿ ಇವನನ್ನ? ಆದ್ರೆ ಕೊನೇ ಪುಟ ನಡೆಯಲ್ಲ. ಅಲ್ಲಿ ಅವನು ನಗಬೇಕು. ನೀವು ಹಲ್ಲು ಬರೆದಿದ್ದೀರಿ, ನಗು ಬರೆದಿಲ್ಲ. ಕೋಪ ಎಲ್ಲಿ ಸಿಕ್ತೋ ನಗೂನೂ ಅಲ್ಲೇ ಹುಡುಕಿ. ಇನ್ನು ಎರಡೇ ದಿನ. ಆಗಲ್ಲ ಅಂದ್ರೆ ಇಡೀ ಪುಸ್ತಕ ಬೇರೆಯವರ ಕೈಗೆ ಹೋಗುತ್ತೆ."

ಅವಳು ಹಾಳೆಯ ಮುಂದೆ ಕೂತಳು. ಗೆರೆ ಎಳೆದಳು, ಅಳಿಸಿದಳು, ಮತ್ತೆ ಎಳೆದಳು. ಅಳಿಸಿ ಅಳಿಸಿ ಕಾಗದವೇ ತೂತಾಯಿತು. ಅವನು ನಕ್ಕಿದ್ದ, ಅಷ್ಟು ನೆನಪಿತ್ತು. ತುಟಿಯ ಯಾವ ಕೊನೆ ಮೊದಲು ಮೇಲೆದ್ದಿತ್ತು? ಕಣ್ಣು ಸಣ್ಣಗಾಗಿತ್ತೇ? ಆ ಹುಬ್ಬುಗಳು ಆಗ ಎಲ್ಲಿದ್ದವು?

ಗೊತ್ತಿಲ್ಲ. ಆ ನಗು ಬಾಗಿಲಿಗೇ ಬಂದು, ಬೆಚ್ಚಗಿನ ಬನ್ನು ಹಿಡಿದು ನಿಂತಿದ್ದಾಗ ಅವಳು ಬಾಗಿಲು ಹಾಕಿದ್ದಳು.

*ನಗಬೇಡ್ರೀ ಅಂದೆನಲ್ಲ ನಾನು...*

ಮರುದಿನ ಮಧ್ಯಾಹ್ನವಾಯಿತು. ಸ್ಟೂಲು ಮೂಲೆಯಲ್ಲಿ ನಿಂತಿತ್ತು. ಅದರ ಕಾಲಿಗೆ ಅವಳು ಹಳೆಯ ಹೊದಿಕೆ ಸುತ್ತಿದ್ದಳು. ಬರಿಗಾಲಲ್ಲಿ, ಬೆರಳ ತುದಿಯಲ್ಲಿ ಓಡಾಡಿದಳು. ಕೆಳಗೆ ಅವನು ಮಲಗಿರಬೇಕು. ಮಲಗಲಿ, ಕೈ ಮಾಯಲಿ. ಆದರೆ ಅವಳ ಕಿವಿ ಮಾತ್ರ ಮೆಟ್ಟಿಲ ಮೇಲೆಯೇ ಇತ್ತು. ಬರುವವರಿಲ್ಲ ಎಂದು ಗೊತ್ತಿದ್ದೂ ಎರಡು ಸಲ ಎದ್ದು ಬಾಗಿಲು ತೆಗೆದು ನೋಡಿದಳು.

ಆಗ ಅವಳಿಗೆ ತಿಳಿಯಿತು. ಹುಬ್ಬು ಮುಗಿದ ಮೇಲೂ ಸ್ಟೂಲು ಬಿದ್ದಿತ್ತು. ದವಡೆ ಮುಗಿದ ಮೇಲೂ ಬಿದ್ದಿತ್ತು. ಪೆನ್ಸಿಲ್‌ಗೆ ಸಾಕಾಗಿತ್ತು, ಅವಳಿಗೆ ಸಾಕಾಗಿರಲಿಲ್ಲ. ಆ ಬನ್ನು ತಿಂದ ದಿನ ಎದೆಯಲ್ಲಿ ಆದದ್ದು ಹಸಿವಲ್ಲ. ತನ್ನ ಪೆದ್ದುತನಕ್ಕೆ ತಾನೇ ಕುದಿದು, ಮೇಜಿನ ಮೇಲೆ ತಲೆಯಿಟ್ಟು ಅತ್ತಳು.

ಸಂಜೆ ಬಂದ ಅಕ್ಕ ತೂತಾದ ಹಾಳೆ ನೋಡಿದಳು, ಅತ್ತು ಕೆಂಪಾದ ತಂಗಿಯ ಮೂಗು ನೋಡಿದಳು. "ನಿನ್ನ ಹುಬ್ಬು ಸಾಹೇಬ್ರು ಇನ್ನೇನು ಕೆಲಸಕ್ಕೆ ಹೊರಡ್ತಾರೆ. ಹೋಗಿ ಮಾತಾಡು."

"ಯಾವ ಮುಖ ಇಟ್ಕೊಂಡು ಹೋಗ್ಲಿ?"

"ಇರೋದು ಒಂದೇ ಅಲ್ವಾ? ತೊಳ್ಕೊಂಡು ಹೋಗು."

ಅವಳು ಕೆಳಗಿಳಿದು ಬಾಗಿಲು ತಟ್ಟಿದಳು. ಇಷ್ಟು ದಿನ ಅವನೇ ಹತ್ತುತ್ತಿದ್ದ ಮೆಟ್ಟಿಲನ್ನು ಅವಳು ಮೊದಲ ಸಲ ಅವನಿಗಾಗಿ ಇಳಿದಿದ್ದಳು.

ಅವನು ಬಾಗಿಲು ತೆಗೆದ. ಅವಳ ಮುಖಕ್ಕಿಂತ ಮೊದಲು ಅವಳ ಕೈ ನೋಡಿದ.

"ಪೆನ್ಸಿಲ್ ಎಲ್ಲಿ?"

"ತಂದಿಲ್ಲ."

"ಇನ್ನೇನು ಬಾಕಿ ಇದೆ? ಕಿವಿನಾ?"

"ನಗು ಬಾಕಿ ಇದೆ," ಎಂದಳು. ಸುಳ್ಳು ಹೇಳಲು ಬಂದಿರಲಿಲ್ಲ. "ಕೊನೇ ಪುಟದಲ್ಲಿ ರಾಕ್ಷಸ ನಗಬೇಕು. ನನಗೆ ಬರೆಯೋಕೆ ಆಗ್ತಿಲ್ಲ. ನಾಳೆ ಕೊಡದಿದ್ರೆ ಪುಸ್ತಕ ಹೋಗುತ್ತೆ. ಆದ್ರೆ ನಾನು ಅದಕ್ಕೆ ಬಂದಿಲ್ಲ. ಪುಸ್ತಕ ಹೋಗ್ಲಿ ಬಿಡಿ, ಮೊಲ ಬರ್ಕೊಂಡಿರ್ತೀನಿ. ನಿಮ್ಮ ಕೈ ಸುಟ್ಟಿದ್ದು ನನ್ನಿಂದ. ಅದನ್ನ ಹೇಳೋಕೆ ಬಂದೆ."

ಅವನು ಬಟ್ಟೆ ಸುತ್ತಿದ ಕೈ ನೋಡಿಕೊಂಡ.

"ಇನ್ನೊಂದು ಇದೆ... ನೀವು ಅಂದ್ಕೊಂಡಿದ್ದು ತಪ್ಪಲ್ಲ. ಮೊದಮೊದಲು ಹುಬ್ಬಿಗೇ ಬೀಳಿಸ್ತಿದ್ದೆ. ಆಮೇಲಾಮೇಲೆ ನಿಮ್ಮನ್ನ ನೋಡೋಕೇ ಬೀಳಿಸಿದ್ದು. ನನಗೇ ಗೊತ್ತಿರಲಿಲ್ಲ. ಇವತ್ತು ದಿನವಿಡೀ ಮನೆ ಸುಮ್ಮನಿತ್ತು, ನನಗೆ ಕೂರೋಕಾಗ್ಲಿಲ್ಲ."

"ನನಗೂ ನಿದ್ದೆ ಬರ್ಲಿಲ್ಲ," ಎಂದ ಅವನು.

"ನಾನು ಸದ್ದೇ ಮಾಡಿಲ್ಲವಲ್ಲ!"

"ಅದಕ್ಕೇ."

ಎಡಗಡೆಯ ಹುಬ್ಬು ಮೊದಲು ಸಡಿಲವಾಯಿತು. ಅದರ ಹಿಂದೆಯೇ ತುಟಿಯ ಎಡಗೊನೆ ಮೇಲೆದ್ದಿತು. ಬಲಗಡೆ ಸ್ವಲ್ಪ ತಡವಾಗಿ, ಬರಲೋ ಬೇಡವೋ ಎಂದುಕೊಂಡು ಬಂತು. ಓಹ್... ಹೀಗಿತ್ತೇ ಅದು. ಹಲ್ಲಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ.

ಅವಳು ಅಲುಗದೆ ನಿಂತಳು.

"ಓಡಿ," ಎಂದ ಅವನು. "ಮರೆತುಹೋಗೋ ಮೊದಲು ಹೋಗಿ ಬರ್ಕೊಳ್ಳಿ. ಮಕ್ಕಳ ಪುಸ್ತಕ ಅಲ್ವಾ, ನನ್ನ ಅಭ್ಯಂತರ ಇಲ್ಲ. ಕೋಡು ಮಾತ್ರ ಸ್ವಲ್ಪ ಚಿಕ್ಕದು ಮಾಡಿ."

ಅವಳು ಅವನ ಬಟ್ಟೆ ಸುತ್ತಿದ ಕೈಯನ್ನು ಮೆಲ್ಲಗೆ ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಆಮೇಲೆ ಬರೀತೀನಿ."

"ಈಗ?"

"ಈಗ ಸುಮ್ನೆ ನೋಡ್ತೀನಿ."