ತೊಟ್ಟಿಲಿನ ಚುಕ್ಕಿ

ಪರದೆಯ ಮೇಲೆ ತೊಟ್ಟಿಲಿನ ಚುಕ್ಕಿ ಇರಲಿಲ್ಲ. ಬೆಳಗ್ಗೆ ಇದ್ದದ್ದು ಊಟ ಮುಗಿಸಿ ಬರುವಷ್ಟರಲ್ಲಿ ಮಾಯವಾಗಿತ್ತು. ನಾಲ್ಕು ಗಂಟೆಗೆ ವಸ್ತುಸಂಗ್ರಹಾಲಯದ ಹೊಸ ನಕ್ಷೆಯನ್ನು ಜನರಿಗೆ ತೋರಿಸಬೇಕಿತ್ತು. ಒಂದೊಂದು ಹಳೆಯ ವಸ್ತುವಿಗೂ ಒಂದು ಚುಕ್ಕಿ, ಮಾಡಿದವರಿಗೆ ಇನ್ನೊಂದು, ನಡುವೆ ಗೆರೆ. ಗೆರೆಯಿಲ್ಲದ ಚುಕ್ಕಿಗಳು ಅಂದಗೆಡಿಸುತ್ತವೆಂದು ನಿರ್ದೇಶಕರು ಅವು ಕಾಣದಂತೆ ಮಾಡಿಸಿದ್ದರು. ಮೂರು ವರ್ಷ ಕೂತು ಎಲ್ಲವನ್ನೂ ಕಂಪ್ಯೂಟರಿಗೆ ತುಂಬಿಸಿದವಳು, ಎಲ್ಲರೂ ಪಟ್ಟಿಯಕ್ಕ ಎನ್ನುವ ದಾಖಲೆಗಾರ್ತಿ.

"ಅಳಿಸಿದ್ದು ನಿಮ್ಮ ಲಾಗಿನ್‌ನಿಂದಲೇ. ನಾಳೆಯಿಂದ ಬರಬೇಡಿ," ಎಂದರು ನಿರ್ದೇಶಕರು.

ಪಕ್ಕದಲ್ಲಿದ್ದ ಸಂಗ್ರಹಾಲಯದ ಫೋಟೋಗ್ರಾಫರ್ ಇದನ್ನು ಕೇಳಿಸಿಕೊಂಡ. ನೇರ ಹಿಂದಿನ ಕೋಣೆಗೆ ಓಡಿದ. ಅಲ್ಲಿ ಹರಿದ ಹಳೆಯ ಕಾಗದಗಳಿಗೆ ತೇಪೆ ಹಾಕುತ್ತಿದ್ದವರು ಅವನ ಅತ್ತಿಗೆ. ಕಳೆದುಹೋದ ಬೀಗದ ಕೈಯಿಂದ ಹಿಡಿದು ಸುಳ್ಳು ರಜೆಯವರೆಗೆ ಆ ಕಟ್ಟಡದಲ್ಲಿ ಅತ್ತಿಗೆ ಪತ್ತೆಹಚ್ಚದ್ದು ಯಾವುದೂ ಇರಲಿಲ್ಲ. ಮೈದುನನ ಗುಟ್ಟುಗಳಂತೂ ಒಂದೂ ಉಳಿದಿರಲಿಲ್ಲ.

"ಅತ್ತಿಗೆ, ಬೇಗ ಬನ್ನಿ!"

"ಬೆಂಕಿ ಬಿದ್ದಿದೆಯೇನೋ? ಕನ್ನಡಕ ಹಾಕ್ಕೋತೀನಿ, ತಾಳು."

ಅತ್ತಿಗೆ ಮೊದಲು ಪರದೆಯ ಮೂಲೆ ನೋಡಿದರು. ಒಟ್ಟು ವಸ್ತುಗಳು ನಾನೂರ ಹನ್ನೆರಡು ಎಂದಿತ್ತು. ಬೆಳಗ್ಗೆಯೂ ಅಷ್ಟೇ ಇತ್ತೆಂದಳು ಪಟ್ಟಿಯಕ್ಕ. ಆಮೇಲೆ ಅತ್ತಿಗೆ ಕೀಲಿಮಣೆಯನ್ನು ಸವರಿ ಬೆರಳು ಮೂಸಿದರು.

"ಮೇಣ. ಊಟಕ್ಕೆ ಹೋಗುವಾಗ ಕಂಪ್ಯೂಟರ್ ತೆರೆದೇ ಇಟ್ಟಿದ್ಯೇನಮ್ಮಾ?"

"ದಿನಾ ಹಾಗೇ ಹೋಗ್ತೀನಲ್ಲ."

ಅತ್ತಿಗೆ ಮೈದುನನ ಕಡೆ ತಿರುಗಿದರು. "ತೊಟ್ಟಿಲಿನ ಬಗ್ಗೆ ನಿನ್ನನ್ನ ಯಾರಾದ್ರೂ ಏನಾದ್ರೂ ಕೇಳಿದ್ರೇನೋ?"

"ನಮ್ಮ ಬಡಗಿ. ತಳದಲ್ಲಿ ಪುಟ್ಟ ಎಲೆ ಗುರುತಿದೆ, ಅದರ ಫೋಟೋ ಬೇಕು ಅಂತ ನಾಲ್ಕು ಸಲ ಬಂದಿದ್ದ. ಅವನಪ್ಪ ಮಾಡಿದ್ದಲ್ವಾ, ಆಸೆ ಇರುತ್ತೆ."

"ಅವನಪ್ಪ ಮಾಡಿದ ಕುರ್ಚಿಗಳೂ ಇಲ್ಲಿವೆಯಲ್ಲ, ಅವುಗಳಲ್ಲಿ ಆ ಎಲೆ ಇದೆಯಾ?"

"ಒಂದರಲ್ಲೂ ಇಲ್ಲ."

"ಎಲ್ಲರನ್ನೂ ಕರಿ," ಎಂದರು ಅತ್ತಿಗೆ.

ಮೂರೂವರೆಗೆ ಎಲ್ಲರೂ ಪರದೆಯ ಮುಂದೆ ಸೇರಿದರು.

"ತೊಟ್ಟಿಲನ್ನ ಯಾರೂ ಅಳಿಸಿಲ್ಲ. ಅಳಿಸಿದ್ರೆ ಒಟ್ಟಿನಲ್ಲಿ ಒಂದು ಕಡಿಮೆ ಆಗ್ಬೇಕಿತ್ತು," ಎಂದು ಅತ್ತಿಗೆ ಶುರು ಮಾಡಿದರು. "ಅದಕ್ಕಿದ್ದ ಒಂದೇ ಗೆರೆ ಮಾಡಿದವರ ಹೆಸರಿನದು. ಆ ಹೆಸರು ತೆಗೆದಿದ್ದಾರೆ. ಗೆರೆ ಹೋಯ್ತು, ನಿರ್ದೇಶಕರ ಅಂದಚೆಂದದ ನಿಯಮ ಚುಕ್ಕಿಯನ್ನೇ ಮುಚ್ಚಿತು. ತೆರೆದಿದ್ದ ಕಂಪ್ಯೂಟರ್ ಮುಂದೆ ಯಾರು ಬೇಕಾದ್ರೂ ಕೂರಬಹುದು. ಆದ್ರೆ ಮರಕ್ಕೆ ಮೇಣ ಉಜ್ಜಿದ ಕೈ ಇಲ್ಲಿ ಒಬ್ರದ್ದೇ."

"ಅಪ್ಪನ ಹೆಸರನ್ನ ಮಗನೇ ಯಾಕೆ ತೆಗೀತಾನೆ?" ಎಂದರು ನಿರ್ದೇಶಕರು.

"ಎಲೆ ಅಪ್ಪನದಲ್ಲ, ಅದಕ್ಕೆ. ಯಾರದಪ್ಪಾ ಅದು?"

ಬಡಗಿ ತಲೆ ತಗ್ಗಿಸಿದ. "ಅಮ್ಮಂದು. ತೊಟ್ಟಿಲು ಕೆತ್ತಿದ್ದು ಅವಳು, ಹೆಸರು ಬಂದದ್ದು ಅಪ್ಪನಿಗೆ. ಹೇಳಿದ್ರೆ ಯಾರು ನಂಬ್ತಾರೆ ಅಂತ ನಾನೇ ಬದಲಾಯಿಸೋಕೆ ಹೋದೆ. ಅಪ್ಪನ ಹೆಸರು ತೆಗೆದೆ. ಆದ್ರೆ ಅಲ್ಲಿ ಬರೆಯೋಕಾಗಲ್ಲ, ಇರೋ ಹೆಸರಲ್ಲೇ ಆರಿಸ್ಬೇಕು. ಅಮ್ಮನ ಹೆಸರು ಇರಲೇ ಇಲ್ಲ. ಹೆದರಿ ಎದ್ದುಹೋದೆ. ತಪ್ಪಾಯ್ತು ಅಕ್ಕಾ."

ನಿರ್ದೇಶಕರು ಗಂಟಲು ಸರಿಮಾಡಿಕೊಂಡು ಪಟ್ಟಿಯಕ್ಕನ ಕ್ಷಮೆ ಕೇಳಿದರು. ಅವಳು ಕೇಳಿಸಿಕೊಂಡಳೋ ಇಲ್ಲವೋ, ಆಗಲೇ ಕುರ್ಚಿ ಎಳೆದುಕೊಂಡು ಕೂತಿದ್ದಳು.

"ಅಮ್ಮನ ಹೆಸರು ಹೇಳೋ."

ಅವನು ಹೇಳಿದ. ಹೊಸ ಹೆಸರು ಸೇರಿತು, ತೊಟ್ಟಿಲು ಬೆಳಗಿತು. ಅಷ್ಟಕ್ಕೇ ಬಿಡದೆ ಪಟ್ಟಿಯಕ್ಕ 'ಎಲೆ ಗುರುತು, ಮಾಡಿದವರು ಗೊತ್ತಿಲ್ಲ' ಎಂದು ತಾನೇ ಹಿಂದೆ ಬರೆದಿಟ್ಟಿದ್ದನ್ನೆಲ್ಲ ಹುಡುಕಿ ತೆಗೆದಳು. ಇಷ್ಟು ದಿನ ಗೆರೆಯಿಲ್ಲದೆ ಮರೆಯಾಗಿದ್ದ ಆರು ಚುಕ್ಕಿಗಳು ಒಂದೊಂದಾಗಿ ಮೂಡಿ ಆ ತಾಯಿಯ ಸುತ್ತ ಸೇರಿದವು. ಫೋಟೋಗ್ರಾಫರನ ಕಣ್ಣು ಮಂಜಾಯಿತು.

ಬಡಗಿ ಪರದೆಯ ಮೇಲೆ ಬೆರಳಿಟ್ಟು ಎಣಿಸಿದ. ಏಳು. ಗಾಜಿಗೆಲ್ಲ ಮೇಣ ಮೆತ್ತಿತು. ನಿರ್ದೇಶಕರು ಒರೆಸಲು ಬಟ್ಟೆ ಹಿಡಿದು ಬಂದರೆ ಅತ್ತಿಗೆ ಅಡ್ಡ ನಿಂತರು.

"ನಾಲ್ಕು ಗಂಟೆಗೆ ಇನ್ನೂ ಹತ್ತು ನಿಮಿಷ ಇದೆ. ಅವನು ಇನ್ನೊಂದು ಸಲ ಎಣಿಸ್ಲಿ."