ಎಡದಿಂದ ಬಲಕ್ಕೆ ಹನ್ನೊಂದು

‘ತಲೆ ಹೋದರೆ ಕಮಲವೂ ಹೊಲಸು’ ಎಂಬ ಸುಳಿವು ಅವನದು. ಎರಡು ಅಕ್ಷರ, ಉತ್ತರ ‘ಮಲ’. ಅಕ್ಕನ ಮನೆಯಲ್ಲಿ ಊಟಕ್ಕೆ ಕೂತಾಗ ತಟ್ಟನೆ ಹೊಳೆದು ಅಂದಿದ್ದ. ಮುಂದಿನ ಭಾನುವಾರ ಅದು ಭಾವನ ಪದಬಂಧದಲ್ಲಿ, ಭಾವನ ಹೆಸರಿನಲ್ಲಿ ಅಚ್ಚಾಗಿತ್ತು. ಅದನ್ನು ಹೊಗಳಿ ಓದುಗರೊಬ್ಬರು ಬರೆದ ಪತ್ರಕ್ಕೆ ಭಾವ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು.

“ಅದು ನಾನು ಹೇಳಿದ್ದಲ್ವಾ ಭಾವ?” ಎಂದು ಕೇಳಿಯೇಬಿಟ್ಟ.

“ಹೇಳಿರಬಹುದು ಕಣೋ. ಬಾಯಿಗೆ ಬಂದದ್ದು ಯಾರು ಬೇಕಾದ್ರೂ ಹೇಳ್ತಾರೆ. ಚೌಕದಲ್ಲಿ ಕೂರಿಸೋನೇ ಬೇರೆ” ಎಂದರು ಭಾವ. ಅಕ್ಕ ನಕ್ಕಳು. ಭಾವನ ಮಾತಿಗಿಂತ ಅವಳ ನಗು ಅವನನ್ನು ಹೆಚ್ಚು ಸುಟ್ಟಿತು.

ಅವನು ಪತ್ರಿಕೆಯಲ್ಲಿ ಕರಡು ತಿದ್ದುವವನು. ಭಾವ ವಾರವಾರ ಕಳಿಸುವ ಕೈಬರಹದ ಹಾಳೆಯನ್ನು ಟೈಪ್ ಮಾಡುವುದು, ಪ್ರತಿ ಸುಳಿವಿನ ಒಳಗುಟ್ಟನ್ನು ಬಿಡಿಸಿ ವಿವರಣೆ ಬರೆಯುವುದು ಅವನ ಪಾಲಿನ ಕೆಲಸ. ಪದಬಂಧ ನಾಲ್ಕನೇ ಪುಟದಲ್ಲಿ ದಪ್ಪಕ್ಷರದ ಹೆಸರಿನೊಂದಿಗೆ ಬರುತ್ತಿತ್ತು. ವಿವರಣೆ ಅದೇ ದಿನ ಕೊನೆಯ ಪುಟದ ಮೂಲೆಯಲ್ಲಿ, ಹೆಸರಿಲ್ಲದೆ, ತಲೆಕೆಳಗಾಗಿ. ಹತ್ತೊಂಬತ್ತು ವರ್ಷ ಇನ್ನೊಬ್ಬರ ಜಾಣತನವನ್ನು ಊರಿಗೆಲ್ಲ ಬಿಡಿಸಿ ಹೇಳಿದ್ದ. ಅವನೇ ಕಟ್ಟಿದ ನಲವತ್ತು ಪದಬಂಧಗಳು ಮೇಜಿನ ಖಾನೆಯಲ್ಲಿ ಹಳದಿಗಟ್ಟುತ್ತಿದ್ದವು. ಭಾವ ಸಾಯಲಿ ಎಂದು ಅವನೇನೂ ಬಯಸಲಿಲ್ಲ. ಆ ನಾಲ್ಕನೇ ಪುಟದಿಂದ ತೊಲಗಿದರೆ ಸಾಕು. ಮುಖಕ್ಕೆ ಮಸಿ ಬಳಿಸಿಕೊಂಡು ತೊಲಗಿದರೆ ಇನ್ನೂ ಒಳ್ಳೆಯದು.

ದಾರಿಯನ್ನು ಭಾವನೇ ತೋರಿಸಿದರು. ಸಂಪಾದಕರು ಒಂದು ಸುಳಿವಿನ ಪದ ತಿದ್ದಿದರೆಂದು ಕಚೇರಿಗೇ ಬಂದು, ಎಲ್ಲರೆದುರು ಕೂಗಾಡಿದರು. “ಅಕ್ಷರದ ಬೆಲೆ ಗೊತ್ತಿಲ್ಲದೋರು ನನ್ನ ಸುಳಿವಿಗೆ ಕೈ ಹಾಕಬಾರದು!” ಸಂಪಾದಕರು ಸಿಟ್ಟು ನುಂಗಿಕೊಂಡು, “ಇನ್ನೊಂದು ಮಾತಾಡಿದ್ರೆ ನಿಮ್ಮ ಪದಬಂಧವೇ ಇರಲ್ಲ” ಎಂದಷ್ಟೇ ಹೇಳಿ ಬಾಗಿಲು ಹಾಕಿಕೊಂಡರು. ಕರಡಿನಿಂದ ತಲೆಯೆತ್ತದೆ ಅವನು ಎಲ್ಲ ಕೇಳಿಸಿಕೊಂಡ. ಇನ್ನೊಂದು ಮಾತು ಬೇಕಾಗಿತ್ತು, ಅಷ್ಟೇ.

ಆ ವಾರದ ಹಾಳೆಯಲ್ಲಿ, ಎಡದಿಂದ ಬಲಕ್ಕೆ ಹನ್ನೊಂದನೆಯ ಉತ್ತರ ‘ಕದನ’. ಭಾವನ ಸುಳಿವು: ‘ಬಾಗಿಲಲ್ಲೇ ನಕಾರ, ಜಗಳ (೩)’. ಬಾಗಿಲೆಂದರೆ ಕದ, ನಕಾರವೆಂದರೆ ನ. ಸಪ್ಪೆ, ಎಂದುಕೊಂಡ. ಉತ್ತರ ಮುಟ್ಟದೆ ಸುಳಿವನ್ನಷ್ಟೇ ಬದಲಿಸಿದರೆ ಚೌಕಗಳು ಅಲುಗುವುದಿಲ್ಲ. ಎರಡು ದಿನ ಯೋಚಿಸಿ ಬರೆದ: ‘ಎಷ್ಟು ತಿದ್ದಿದರೂ ಸಂಪಾದಕ ಕೊನೆಗೆ ದನವೇ, ಅದಕ್ಕೇ ಈ ಜಗಳ (೩)’. ಬರೆದದ್ದನ್ನು ಎರಡು ಸಲ ಓದಿಕೊಂಡ. ಹತ್ತೊಂಬತ್ತು ವರ್ಷಗಳಲ್ಲಿ ಅವನ ಸುಳಿವೊಂದು ಅವನ ಇಷ್ಟದಂತೆ ಅಚ್ಚಾಗುವುದು ಇದೇ ಮೊದಲು, ಅದೂ ಭಾವನ ಹೆಸರಿನಲ್ಲಿ.

ಭಾವನ ಕೈಬರಹ ಅವನಿಗೆ ಅಂಗೈ ರೇಖೆಯಷ್ಟು ಪರಿಚಿತ. ಇಡೀ ಹಾಳೆಯನ್ನು ಅದೇ ಶಾಯಿಯಲ್ಲಿ, ಅದೇ ಬಾಗಿದ ಒತ್ತಕ್ಷರಗಳಲ್ಲಿ ಮತ್ತೆ ಬರೆದ, ಹನ್ನೊಂದರಲ್ಲಿ ಮಾತ್ರ ಹೊಸ ಸುಳಿವು. ಮೂಲ ಹಾಳೆಯನ್ನು ಚೂರುಚೂರು ಮಾಡಿ ಶೌಚಾಲಯದಲ್ಲಿ ನೀರು ಬಿಟ್ಟ. ನಂತರ ವಿವರಣೆ. ಬರೆಯದೆ ಬಿಟ್ಟರೆ ಅನುಮಾನ ಬಂದೀತು. ಸಂಪಾದಕರಿಗೆ ಪದಬಂಧ ಬಿಡಿಸಲೂ ಬಾರದು. ತನ್ನನ್ನು ದನ ಎಂದಿದ್ದಾರೆಂದು ಯಾರಾದರೂ ತಿಳಿಸಬೇಕಲ್ಲ. ಎಂದಿನ ಒಣ ಧಾಟಿಯಲ್ಲೇ ಬರೆದ: ‘ಸಂಪಾದಕ ಎಂಬುದರ ಕೊನೆಯ ಅಕ್ಷರ ಕ, ಅದಕ್ಕೆ ದನ ಸೇರಿದರೆ ಕದನ, ಅಂದರೆ ಜಗಳ.’ ಎರಡೂ ಕಡತಗಳನ್ನು ಶನಿವಾರ ಮಧ್ಯಾಹ್ನ ಪುಟ ಜೋಡಿಸುವಾಕೆಗೆ ಕಳಿಸಿ, ಬೇಗ ಮನೆಗೆ ಹೋದ.

ಭಾನುವಾರ ಬೆಳಿಗ್ಗೆ ಪತ್ರಿಕೆಯನ್ನು ತಲೆಕೆಳಗಾಗಿ ಹಿಡಿದು, ಮೊದಲು ಕೊನೆಯ ಪುಟ ನೋಡಿದ. ಒಂದಕ್ಷರವೂ ಹೋಗಿರಲಿಲ್ಲ. ಮೂರನೇ ಸಲ ಓದುತ್ತಿರುವಾಗ ಕಚೇರಿಯಿಂದ ಫೋನ್ ಬಂತು.

“ಸಂಪಾದಕರು ಕರೀತಿದಾರೆ. ಈಗಲೇ ಬರಬೇಕಂತೆ.”

ಒಳಗೆ ಹಿಗ್ಗು, ಮುಖದ ಮೇಲೆ ಗಾಬರಿ. ಭಾವನ ಅಕ್ಷರದಲ್ಲಿ ತಾನು ಬರೆದ ಹಾಳೆಯನ್ನು ಜೇಬಿಗಿಟ್ಟುಕೊಂಡು ಹೊರಟ.

ಕೋಣೆಯಲ್ಲಿ ಭಾವ ಕೂತಿದ್ದರು, ಎದುರಿಗೆ ಅವರ ಕರಡು ಪುಸ್ತಕ ತೆರೆದಿತ್ತು. ಪುಟ ಜೋಡಿಸುವಾಕೆ ಕಿಟಕಿಯ ಬಳಿ ನಿಂತಿದ್ದಳು. ಸಂಪಾದಕರು ಕೊನೆಯ ಪುಟವನ್ನು ತಳ್ಳಿ, “ಏನಿದು?” ಎಂದರು.

ಅವನು ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡ ನೋವಿನ ದನಿಯಲ್ಲಿ ಹೇಳಿದ: “ನಾನೇನು ಮಾಡ್ಲಿ ಸಾರ್? ಭಾವ ಬರೆದು ಕೊಟ್ಟದ್ದಕ್ಕೆ ವಿವರಣೆ ಬರೆದೆ. ಬೇಡ ಅನ್ನೋಕೆ ನಾನ್ಯಾರು? ನೋಡಿ, ಅವರ ಕೈಬರಹ.” ಹಾಳೆಯನ್ನು ಮೇಜಿನ ಮೇಲಿಟ್ಟು, ಹನ್ನೊಂದನೆಯ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದ.

ಭಾವ ಆ ಹಾಳೆಯನ್ನು ಓದಿದರು, ಆಮೇಲೆ ಅವನ ಮುಖವನ್ನು ಓದಿದರು. “ಏನೋ ಇದು?” ಎಂದರು ಸಣ್ಣ ದನಿಯಲ್ಲಿ. ಬೈದಿದ್ದರೆ ಚೆನ್ನಾಗಿತ್ತು.

ಸಂಪಾದಕರು ನಾಲ್ಕನೇ ಪುಟ ಬಿಡಿಸಿ ಅವನ ಮುಂದಿಟ್ಟರು. “ಇಲ್ಲಿ ಇಲ್ಲದ ದನ ಕೊನೇ ಪುಟಕ್ಕೆ ಎಲ್ಲಿಂದ ಬಂತು?”

ಎಡದಿಂದ ಬಲಕ್ಕೆ ಹನ್ನೊಂದು: ‘ಬಾಗಿಲಲ್ಲೇ ನಕಾರ, ಜಗಳ (೩)’. ಕರಡು ಪುಸ್ತಕದಲ್ಲೂ ಅದೇ ಇತ್ತು. ಅವನು ಪುಟ ಜೋಡಿಸುವಾಕೆಯ ಕಡೆ ತಿರುಗಿದ. ಸುಳಿವುಗಳನ್ನು ಆಕೆ ಎಂದೂ ಓದಿದವಳಲ್ಲ, ಸಾಲು ಅಳೆಯುವವಳು. ತಪ್ಪು ತನ್ನದೇ ಎಂಬಂತೆ ಆಕೆ ಅವಸರದಲ್ಲಿ ಹೇಳಿದಳು: “ನೀವು ಕಳಿಸಿದ್ದು ಎರಡಕ್ಷರ ಉದ್ದ ಆಗಿ ಕೆಳಗಿನ ಸಾಲಿಗೆ ಇಳೀತಿತ್ತು ಸಾರ್. ನಿಮಗ್ಯಾಕೆ ತೊಂದರೆ ಅಂತ ನಿಮ್ಮ ಭಾವನವರಿಗೇ ಫೋನ್ ಮಾಡಿ, ಹನ್ನೊಂದಕ್ಕೆ ಚಿಕ್ಕದೊಂದು ಸುಳಿವು ಹೇಳಿ ಅಂದೆ. ನಾನು ಕೊಟ್ಟಿರೋದೇ ಚಿಕ್ಕದಾಗಿದೆಯಲ್ಲಮ್ಮಾ ಅಂತ ಇದನ್ನ ಹೇಳಿದ್ರು.”